ಪಕ್ಕದ ಮನೆಯ ಪಿಚ್ಚರ್

ಪರ್ತ್‌ನ ಥಾರ್ನ್ಲಿ ಬಡಾವಣೆಯ ನಮ್ಮ ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಯ ಕಪಾಟು. ಸೋಪಿನ ಪುಡಿಯ ಡಬ್ಬಗಳ ಮೇಲಿನ ಅರೆಯಲ್ಲಿ ಗಣಪತಿ, ಲಕ್ಷ್ಮಿ, ಚಾಮುಂಡೇಶ್ವರಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು. ವಾಷಿಂಗ್ ಮೆಷಿನ್ ಜೋರಾಗಿ ತಿರುಗಿದಾಗ ಮೂವರೂ ನಡುಗುತ್ತಿದ್ದರು. ಹಾಲ್‌ನ ದೊಡ್ಡ ಗೋಡೆಯನ್ನು ಅಪ್ಪ ತಮ್ಮ ಕ್ರಿಕೆಟ್ ಬ್ಯಾಟಿಗೆ ಮೀಸಲಿಟ್ಟಿದ್ದರು. ಗಂಧದ ಹಾರ ಹಾಕಿಸಿಕೊಂಡು, ಮೇಲೊಂದು ಪುಟ್ಟ ದೀಪದ ಬೆಳಕಿನಲ್ಲಿ ಅದು ರಾಜಮರ್ಯಾದೆಯಿಂದ ತೂಗುತ್ತಿತ್ತು. ಅದರ ಮೇಲೊಂದು ಸಹಿ ಇತ್ತು. ಯಾರದ್ದೆಂದು ಓದಲು ಆಗುತ್ತಿರಲಿಲ್ಲ. ಹಾಗಾಗಿ ಬಂದ ಅತಿಥಿಯ ಅಭಿಮಾನ ನೋಡಿಕೊಂಡು ಸಹಿಯ ಒಡೆಯ ಬದಲಾಗುತ್ತಿದ್ದ. ಮುಂಬಯಿ ಕಡೆಯವರು ಬಂದರೆ ಮುಂಬಯಿಯ ಆಟಗಾರ, ಬೆಂಗಳೂರಿನವರು ಬಂದರೆ ಬೆಂಗಳೂರಿನವನು. ನಾನು ಮೈಸೂರಿನಿಂದ ಪರ್ತ್‌ಗೆ ಬಂದಾಗ ಎರಡನೇ ಕ್ಲಾಸಿನ ಹುಡುಗಿ. ದೊಡ್ಡವರು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಾರೆ ಎಂಬ ಮೊದಲ ಪಾಠವನ್ನು ನನಗೆ ಹೇಳಿಕೊಟ್ಟದ್ದು ಆ ಬ್ಯಾಟು. ಅಪ್ಪನನ್ನು ಇಲ್ಲಿ ಬಹುವಚನದಲ್ಲೇ ಬರೆಯುತ್ತೇನೆ. ಅದು ಮನೆಯ ರೂಢಿ, ಅದಕ್ಕಿಂತ ಹೆಚ್ಚಿನದನ್ನು ಓದುಗರು ಊಹಿಸಬೇಕಾಗಿಲ್ಲ.

ಆಗ ಪರ್ತ್‌ನಲ್ಲಿ ಕನ್ನಡದ ಮನೆಗಳು ಹೆಚ್ಚೆಂದರೆ ಹದಿನೈದಿದ್ದವು. ಭಾನುವಾರ ಬಂತೆಂದರೆ ಅವರೆಲ್ಲ ನಮ್ಮ ಹಾಲ್‌ನಲ್ಲಿ. ಗಂಡಸರೆಲ್ಲ ಎಂಜಿನಿಯರುಗಳು, ಎಲ್ಲರೂ ತಮ್ಮ ತಮ್ಮ ಆಫೀಸಿನಲ್ಲಿ ತಮಗೆ ಅನ್ಯಾಯವಾಗಿದೆ ಎಂದು ನಂಬಿದವರು. ಆ ಅನ್ಯಾಯಕ್ಕೆ ಅವರು ಕಂಡುಕೊಂಡ ಮದ್ದು ಟೀವಿಯ ಮುಂದೆ ಕೂತು ಕ್ರಿಕೆಟ್ ಆಡುವವರಿಗೆ ಬುದ್ಧಿ ಹೇಳುವುದು. ಓಡಿ ಬಸ್ಸು ಹಿಡಿಯಲಾರದವರು ರನ್ ಔಟಾದವನನ್ನು ಸೋಮಾರಿ ಎನ್ನುತ್ತಿದ್ದರು. ಹೆಂಗಸರು ಅಡುಗೆಮನೆಯಲ್ಲಿ ನಿಂತೇ ಇರುತ್ತಿದ್ದರು. ಗಂಡಸರ ಊಟವಾದ ಮೇಲೆ ತಳದಲ್ಲಿ ಉಳಿದ ಬಿಸಿಬೇಳೆಬಾತನ್ನು ಕೆರೆದುಕೊಂಡು, ಒಬ್ಬೊಬ್ಬರಾಗಿ, ಸಿಂಕಿಗೆ ಒರಗಿ ತಿನ್ನುತ್ತಿದ್ದರು. ಅಪ್ಪನ ಆಪ್ತರಲ್ಲಿ ಆಪ್ತರಾದ ಪ್ರಸನ್ನ ಅಂಕಲ್ ಅಂತೂ ಸೋಫಾದಿಂದ ಏಳುತ್ತಿದ್ದದ್ದು ರಾಷ್ಟ್ರಗೀತೆಗೆ ಮಾತ್ರ.

"ಜಯಾ ಅವ್ರೇ, ಇನ್ನೊಂದ್ ರೌಂಡ್ ಕಾಫಿ ಆದ್ರೆ ಇಂಡಿಯಾ ಗೆದ್ಬಿಡುತ್ತೆ ನೋಡಿ!"

ಜಯಾ ಎಂದರೆ ಅಮ್ಮ. ಅವಳು ಕಾಫಿ ತಂದುಕೊಡುತ್ತಿದ್ದಳು; ಇಂಡಿಯಾ ಹೆಚ್ಚಾಗಿ ಸೋಲುತ್ತಿತ್ತು. ಆಮೇಲೆ ಅಪ್ಪ ತಾವು ಕಾಲೇಜಿನಲ್ಲಿ ಓಪನಿಂಗ್ ಆಡಿದ ಕಥೆ ತೆಗೆಯುತ್ತಿದ್ದರು. ಅವರ ಕಾಲೇಜಿನವರು ಯಾರೂ ಪರ್ತ್‌ನಲ್ಲಿ ಇರಲಿಲ್ಲವಾದ್ದರಿಂದ ಆ ಕಥೆ ವರ್ಷದಿಂದ ವರ್ಷಕ್ಕೆ ಆರೋಗ್ಯವಾಗಿ ಬೆಳೆಯುತ್ತಿತ್ತು.

ನಮ್ಮ ಪಕ್ಕದ ಮನೆಯಲ್ಲಿದ್ದವನು ರೆಗ್ ಬ್ರಿಂಡ್ಲಿ. ನಮ್ಮ ಪೇಟೆಯ ಮಟ್ಟಿಗೆ ಅವನು ಮುಖ್ಯಮಂತ್ರಿಗಿಂತ ದೊಡ್ಡವನು. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ, ರೆಗ್ ಪಿಚರ್ ಆಗಿದ್ದ. ಹರೆಯದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಒಂದು ಸಣ್ಣ ತಂಡದಲ್ಲಿ ಆಡಿ, ಕೋಚಿನ ಜೊತೆ ಜಗಳವಾಡಿ ವಾಪಸು ಬಂದವನು. ಫಿಶ್ ಅಂಡ್ ಚಿಪ್ಸ್ ಅಂಗಡಿಯ ಬಾಣಲೆಯ ಮೇಲ್ಗಡೆ ಅವನ ಫೋಟೋ ಎಣ್ಣೆಹೊಗೆ ಕುಡಿದು ಕಂದಾಗಿತ್ತು. ಸರ್ವೋ ಎನ್ನುವ ಬಂಕಿಗೆ ಪೆಟ್ರೋಲ್ ಹಾಕಿಸಲು ಹೋದವರು ಹಿಂಬದಿ ತೆರೆದ ಅವನ ಹಳೆಯ ಯೂಟ್ ಗಾಡಿ ಕಂಡರೆ ಹಾರ್ನ್ ಬಾರಿಸುತ್ತಿದ್ದರು. ಅವನು ಒಬ್ಬರಿಗೂ ಕೈ ಬೀಸುತ್ತಿರಲಿಲ್ಲ. ಹಗಲು ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ಅಲ್ಲಿಯ ಮ್ಯಾನೇಜರನ್ನು ಕತ್ತೆ ಎಂದು ಎದುರಿಗೇ ಕರೆಯುತ್ತಿದ್ದ. ಒಳ್ಳೆಯವನೇನಲ್ಲ. ನಮ್ಮ ಏಣಿ ಒಯ್ದು ಎಂದೂ ಹಿಂತಿರುಗಿಸಲಿಲ್ಲ. ಇಸ್ಪೀಟಿನಲ್ಲಿ ಹತ್ತು ವರ್ಷದ ಮಕ್ಕಳಿಗೂ ಮೋಸ ಮಾಡುತ್ತಿದ್ದ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು, ಆಟದ ಮಧ್ಯೆ, ಸಾವಿರ ಜನ ಕಾಯುತ್ತಿರುವಾಗ, ಟೋಪಿ ತೆಗೆದು ಕೂದಲು ಬಾಚಿಕೊಳ್ಳುತ್ತಿದ್ದ. ಈಗ ಅವನು ಇಲ್ಲ. ಅವನಿಗೆ ವಯಸ್ಸಾಯಿತು, ತಂಡದಿಂದ ತೆಗೆಯೋಣ ಎಂದು ಪ್ರತಿ ವರ್ಷ ಸಭೆ ಸೇರುತ್ತಿದ್ದ ಅದೇ ಕ್ಲಬ್ಬಿನ ಸಮಿತಿಯವರು ಈಗ ಮೈದಾನದ ಗೇಟಿಗೆ ಅವನ ಹೆಸರಿನ ಹಿತ್ತಾಳೆ ಫಲಕ ಹೊಡೆಸಿದ್ದಾರೆ. ಸತ್ತವರು ಎದುರು ಮಾತಾಡುವುದಿಲ್ಲ, ಅವರನ್ನು ಗೌರವಿಸುವುದು ಸುಲಭ.

ನಾವು ಆ ಮನೆಗೆ ಬಂದ ಹೊಸದರಲ್ಲಿ ಅಮ್ಮ ಅಂಗಡಿಯಲ್ಲಿ ಕೇಳಿಸಿಕೊಂಡು ಬಂದು ಹೇಳಿದ್ದಳು:

"ಪಕ್ಕದ್ಮನೆಯವ್ರು ಪಿಚ್ಚರ್ ಅಂತೆ ರೀ. ತುಂಬಾ ಫೇಮಸ್ಸಂತೆ."

ಅಪ್ಪ ಸಿನಿಮಾ ನಟನೆಂದುಕೊಂಡರು. ಅಂದೇ ಸಂಜೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಪರಿಚಯ ಮಾಡಿಕೊಳ್ಳಲು ಹೋದರು. ಹತ್ತು ನಿಮಿಷದಲ್ಲಿ ಮೂಗು ಮುರಿದುಕೊಂಡು ವಾಪಸು ಬಂದರು.

"ಫೋರ್ಕ್‌ಲಿಫ್ಟ್ ಓಡಿಸೋನು ಕಣೇ! ಕೂಲಿ! ಚಡ್ಡೀಲಿ ಬಂದು ಬಾಗಿಲು ತೆಗೀತಾನೆ. ಬೇಸ್‌ಬಾಲ್ ಅಂತೆ, ದೊಣ್ಣೆ ಬೀಸಿ ಬಿಸಾಕಿ ಓಡೋದು. ನಮ್ಮೂರಲ್ಲಿ ಅದನ್ನ ದನ ಕಾಯೋರು ಆಡ್ತಾರೆ, ಚಿನ್ನಿದಾಂಡು ಅಂತ."

ಅಲ್ಲಿಗೆ ಅಪ್ಪನ ಪಾಲಿಗೆ ರೆಗ್ ಮುಗಿದುಹೋದ. ನನ್ನ ಪಾಲಿಗೆ ಶುರುವಾದ. ಅವನ ಹಿತ್ತಲಿನಲ್ಲಿ ಬೇಲಿಯ ಹಲಗೆಗೆ ಒಂದು ಹಳೆಯ ಹಾಸಿಗೆಯನ್ನು ನಿಲ್ಲಿಸಿ ಕಟ್ಟಿದ್ದ. ಕೆಲಸದಿಂದ ಬಂದವನು ದಿನಾ ಅದಕ್ಕೆ ಚೆಂಡೆಸೆಯುತ್ತಿದ್ದ. ಹಾಸಿಗೆಗೆ ಬೀಳುವ ಆ ದಪ್ ದಪ್ ಶಬ್ದ ನನ್ನ ಕೋಣೆಯ ಕಿಟಕಿಗೆ ಕೇಳಿಸುತ್ತಿತ್ತು. ಬೇಲಿಯ ಎರಡು ಹಲಗೆಗಳ ನಡುವೆ ಒಂದು ಸಂದು ಇತ್ತು. ನಾನು ಕಣ್ಣು ಇಟ್ಟು ನಿಂತೆ. ಅವನ ಕೈಯಿಂದ ಹೊರಟ ಚೆಂಡು ಎದೆಯ ಎತ್ತರದಲ್ಲಿ ಸುಮ್ಮನೆ ತೇಲಿ ಬರುತ್ತಿತ್ತು, ಇನ್ನೇನು ಹಾಸಿಗೆ ದಾಟಿ ಆಚೆ ಹೋಗುತ್ತದೆ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿದಂತೆ ತಿರುಗಿ, ಕೆಳಗಿಳಿದು, ಹಾಸಿಗೆಯ ಮೂಲೆಗೆ ಬೀಳುತ್ತಿತ್ತು. ಅಂಥದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವ ಕೆಲಸವನ್ನೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ, ಅಮ್ಮನ ಕಾಫಿಯೊಂದನ್ನು ಬಿಟ್ಟರೆ. ಎಷ್ಟು ದಿನ ಹಾಗೆ ನೋಡಿದೆನೋ, ಒಂದು ಸಂಜೆ ಅವನು ತಿರುಗದೆಯೇ ಮಾತಾಡಿದ. ಅವನ ಮಾತನ್ನು ಕನ್ನಡಕ್ಕೆ ತರುವಾಗ ಅರ್ಧ ಬೈಗುಳ ಕೈಬಿಟ್ಟಿದ್ದೇನೆ.

"ಬೇಲಿಗೆ ಉಸಿರಾಡೋಕೆ ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಸಾರಿ, ರೆಗ್ ಅಂಕಲ್."

"ನಾನು ಯಾರ ಅಂಕಲ್ಲೂ ಅಲ್ಲ. ಹೆಸರೇನು?"

"ರಾಧಿಕಾ."

"ಉದ್ದ ಆಯ್ತು. ರಾಡ್ಸ್. ಸುಮ್ನೆ ನೋಡೋದಾದ್ರೆ ಆ ಕಡೆ ಹೋಗಿರೋ ಬಾಲ್ ಹೆಕ್ಕಿಕೊಡು. ಪುಕ್ಸಟ್ಟೆ ಶೋ ಅಲ್ಲ ಇದು."

ಆವತ್ತಿನಿಂದ ನಾನು ಚೆಂಡು ಹೆಕ್ಕಿದೆ. ಅವನು ಎಸೆಯುತ್ತಾ ಎಲ್ಲರನ್ನೂ ಬೈಯುತ್ತಿದ್ದ. ಕ್ಲಬ್ಬಿನ ಸಮಿತಿ, ಗೋದಾಮಿನ ಮಾಲೀಕ, ಪತ್ರಿಕೆಯವರು, ಚರ್ಚಿನ ಪಾದ್ರಿ, ಕೊನೆಗೆ ರಾಣಿ. ಕೇಳುತ್ತಾ ಕೇಳುತ್ತಾ ನನಗೊಂದು ವಿಷಯ ಹೊಳೆಯಿತು. ನಮ್ಮ ಹಾಲ್‌ನಲ್ಲಿ ಕೂತವರೂ ಜಗತ್ತನ್ನು ಬೈಯುತ್ತಿದ್ದರು. ಆದರೆ ಅವರ ಬೈಗುಳ ಕ್ಲೀನರ್, ಟ್ಯಾಕ್ಸಿಯವನು, ಹೊಸದಾಗಿ ಬಂದ ವಿದ್ಯಾರ್ಥಿ, ಹೀಗೆ ತಮಗಿಂತ ಕೆಳಗಿದ್ದಾರೆಂದು ತಿಳಿದವರ ಮೇಲೆ. ಬಾಸಿನ ಫೋನು ಬಂದರೆ ಅಪ್ಪ ಎದ್ದು ನಿಂತು ಮಾತಾಡುತ್ತಿದ್ದರು. ರೆಗ್‌ನ ಬೈಗುಳದಲ್ಲಿ ಅವನಿಗಿಂತ ಚಿಕ್ಕವರು ಯಾರೂ ಬರುತ್ತಿರಲಿಲ್ಲ. ತಿರಸ್ಕಾರವನ್ನು ಕಲಿಯಲೇಬೇಕೆಂದಿದ್ದರೆ ಇವನ ಹತ್ತಿರ ಕಲಿಯಬೇಕು ಎಂದು ನಾನು ತೀರ್ಮಾನಿಸಿದೆ.

ಅವನು ಆಡುವುದನ್ನು ನೋಡಬೇಕೆಂದು ಅಮ್ಮನ ಜೀವ ತಿಂದೆ. ಶನಿವಾರ ಮಧ್ಯಾಹ್ನ, ಶಾಪಿಂಗ್ ಸೆಂಟರಿಗೆ ಹೋಗುತ್ತೇವೆಂದು ಹೇಳಿ ಅಮ್ಮ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋದಳು. ಕಾಟನ್ ಸೀರೆ, ಕೈಯಲ್ಲಿ ಖಾಲಿ ತರಕಾರಿ ಚೀಲ. ಅವಳಿಗೆ ಆಟ ಗೊತ್ತಿರಲಿಲ್ಲ, ನನಗೆ ರೆಗ್ ಹೇಳಿದಷ್ಟು ಗೊತ್ತಿತ್ತು. ಬ್ಯಾಟು ಹಿಡಿದವನ ಮೊಣಕಾಲಿನಿಂದ ಎದೆಯವರೆಗೆ ಗಾಳಿಯಲ್ಲಿ ಒಂದು ಕಿಟಕಿ ಇದೆ ಎಂದುಕೋ ಎಂದೆ. ಪಿಚರ್ ಎಸೆದ ಚೆಂಡು ಆ ಕಿಟಕಿಯೊಳಗೆ ಬಂದರೆ ಸ್ಟ್ರೈಕ್, ಬೀಸಿ ತಪ್ಪಿದರೂ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಾದರೆ ಆಡುವವನು ಔಟು. ಕಿಟಕಿಯ ಒಳಗೋ ಹೊರಗೋ ಎಂದು ಹೇಳುವವನು ಹಿಂದೆ ಬಗ್ಗಿ ನಿಂತ ಅಂಪೈರು. ಅಮ್ಮ ತಲೆಯಾಡಿಸಿದಳು. ರೆಗ್ ಬಂದ, ಕೂದಲು ಬಾಚಿಕೊಂಡ, ಎದುರು ತಂಡದ ದೈತ್ಯನಂಥ ಒಬ್ಬನನ್ನು ನೋಡಿ ಆಕಳಿಸಿದ. ಮೊದಲ ಎರಡು ಚೆಂಡು ಬಿರುಸಾಗಿ ಬಂದವು. ಮೂರನೆಯದು ತೇಲಿತು. ದೈತ್ಯ ಮೈಯೆಲ್ಲ ತಿರುಚಿ ಬೀಸಿದ. ಬ್ಯಾಟು ಸುತ್ತು ಹೊಡೆದು ಮುಗಿದ ಮೇಲೆ ಚೆಂಡು ನಿಧಾನವಾಗಿ ಬಂದು ಇಳಿಯಿತು. ಅವನು ಬಿದ್ದ. ರೆಗ್ ಅವನ ಕಡೆ ಬಾಚಣಿಗೆ ಚಾಚಿದ, ಬೇಕಾ ಎಂಬಂತೆ.

ಅಮ್ಮ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿಯದೆ, ಹಲ್ಲೆಲ್ಲ ಕಾಣುವಂತೆ, ಹೊಟ್ಟೆ ಹಿಡಿದುಕೊಂಡು. ಪರ್ತ್‌ಗೆ ಬಂದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಎರಡನೇ ಶನಿವಾರ ಅವಳೇ ನನ್ನನ್ನು ಹೊರಡಿಸಿದಳು. ನಾಲ್ಕನೆಯದಕ್ಕೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಅಣ್ಣಂದಿರಿಂದ ಕದ್ದು ಕಲಿತದ್ದಂತೆ, ತಾತನಿಂದ ಏಟು ತಿಂದು ಬಿಟ್ಟದ್ದಂತೆ. ಆ ಸಿಳ್ಳೆಗೆ ಮೈದಾನದ ಕಾಗೆಗಳು ಎದ್ದವು. ರೆಗ್ ತಿರುಗಿ ನೋಡಿ, ಟೋಪಿ ಮುಟ್ಟಿ, ಮುಂದಿನ ಚೆಂಡು ಎಸೆದ.

ಈ ಸಂಗತಿಯನ್ನು ಮನೆಗೆ ಮುಟ್ಟಿಸಿದವರು ಪ್ರಸನ್ನ ಅಂಕಲ್. ಸೋಫಾ ಬಿಟ್ಟು ಏಳದ ಆ ಮನುಷ್ಯ ಅದೊಂದು ಶನಿವಾರ ಯಾಕೆ ಆ ದಾರಿಯಲ್ಲಿ ಹೋದರೋ ತಿಳಿಯದು. ಚಾಡಿ ಹೇಳಲು ಮಾತ್ರ ಅವರಿಗೆ ಕಾಲು ಬರುತ್ತಿತ್ತು. ಅಂದು ರಾತ್ರಿಯೂಟಕ್ಕೆ ಹುರುಳಿಕಾಯಿ ಹುಳಿ. ಅಪ್ಪ ಮೊದಲು ತುತ್ತು ನುಂಗಿದರು, ಆಮೇಲೆ ಶುರು ಮಾಡಿದರು.

"ನಾಲ್ಕು ಜನ ಏನಂತಾರೆ ಅಂತ ಒಂದ್ಸಲಾನಾದ್ರೂ ಯೋಚ್ನೆ ಮಾಡಿದ್ಯಾ? ಸೀರೆ ಉಟ್ಕೊಂಡು, ಬಿಯರ್ ಕುಡಿಯೋರ ಮಧ್ಯೆ ನಿಂತ್ಕೊಂಡು, ಸಿಳ್ಳೆ?"

"ಹುಳಿ ಹಾಕ್ಲಾ?"

"ನಾನ್ ಏನ್ ಕೇಳ್ತಿದೀನಿ, ನೀನ್ ಏನ್ ಹೇಳ್ತಿದೀಯ?"

"ಆರಿಹೋಗುತ್ತೆ. ಹಾಕ್ಲಾ ಬೇಡ್ವಾ?"

"ಹಾಕು." ಅಪ್ಪ ತಟ್ಟೆ ಮುಂದೆ ಸರಿಸಿದರು. "ಇನ್ಮೇಲೆ ಆ ಕೂಲಿಯವ್ನ ಆಟ ಈ ಮನೇಲಿ ಬಂದ್. ತಿಳೀತಾ? ನಿಂಗೂ ಹೇಳ್ತಿರೋದು ಕಣೇ, ರಾಧಿ."

ಆ ಮೇಲಿನ ಶನಿವಾರ ಅಮ್ಮ ಮತ್ತೆ ಚೀಲ ಹಿಡಿದು ಹೊರಟಳು. ಎಲ್ಲಿಗೆ ಎಂದರು ಅಪ್ಪ. ಶಾಪಿಂಗ್ ಸೆಂಟರಿಗೆ ಎಂದಳು. ಅಷ್ಟು ಹೊತ್ತು ಅಲ್ಲೇನು ಕೆಲಸ ಎಂದರು. ಸೇಲ್ ಇದೆ ಎಂದಳು. ಆ ಬೇಸಿಗೆಯೆಲ್ಲ ಥಾರ್ನ್ಲಿಯಲ್ಲಿ ಸೇಲ್ ಇತ್ತು. ಅಂಗಡಿಗೆ ಕಾಲಿಡುವುದು ಗಂಡಸಿನ ಕೆಲಸವಲ್ಲ ಎಂದು ನಂಬಿದ್ದ ಅಪ್ಪನಿಗೆ ಅದು ಸುಳ್ಳೆಂದು ತೋರಿಸುವ ದಾರಿಯೇ ಇರಲಿಲ್ಲ. ಸ್ವಂತ ದೊಡ್ಡಸ್ತಿಕೆಯೇ ಅವರ ಕೈಕಟ್ಟಿತ್ತು.

ಅದೇ ವರ್ಷ ರೆಗ್‌ನನ್ನು ರಾಜ್ಯದ ತಂಡಕ್ಕೆ ಆರಿಸಿದರು, ನಲವತ್ತು ಹತ್ತಿರವಾಗಿದ್ದವನನ್ನು. ಬೇರೆ ಪಿಚರ್‌ಗಳ ಭುಜ ಕೆಟ್ಟಿತ್ತು, ಬೇರೆ ಗತಿ ಇರಲಿಲ್ಲ. ಫೈನಲ್ ಆಟ ಅಡಿಲೇಡ್‌ನಲ್ಲಿ. ನಮ್ಮ ಅದೃಷ್ಟಕ್ಕೆ ಆ ರಜೆಯಲ್ಲಿ ನಾವೂ ಅಡಿಲೇಡ್‌ಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಅಪ್ಪನ ಹಳೆಯ ಸಹಪಾಠಿ ಮೂರ್ತಿ ಅಂಕಲ್ ಅಲ್ಲಿಯ ಗ್ಲೆನೆಲ್ಗ್‌ನಲ್ಲಿ, ಸಮುದ್ರ ಕಾಣುವ ಫ್ಲ್ಯಾಟ್ ಕೊಂಡಿದ್ದರು. ಸಮುದ್ರ ಕಾಣುತ್ತಿದ್ದದ್ದು ಬಚ್ಚಲಿನ ಕಿಟಕಿಯಿಂದ, ಬಕೆಟ್ಟಿನ ಮೇಲೆ ಹತ್ತಿ ನಿಂತರೆ. ಅಲ್ಲಿಯೂ ಅದೇ ಸೋಫಾ, ಅದೇ ಕ್ರಿಕೆಟ್ಟು, ಅದೇ ಕಾಫಿ. ಫೈನಲ್ ದಿನ ಅಮ್ಮ, ಸಿಟಿಯ ಅಂಗಡಿಗಳನ್ನು ನೋಡಿ ಬರುತ್ತೇವೆ ಎಂದು ನನ್ನನ್ನು ಟ್ರ್ಯಾಮ್ ಹತ್ತಿಸಿದಳು. ಮೂರ್ತಿ ಅಂಕಲ್ ಹೆಂಡತಿ ತಾನೂ ಬರುತ್ತೇನೆಂದಾಗ ಅಮ್ಮ, "ಇವ್ರಿಗೆ ಕಾಫಿ ಯಾರ್ರೀ ಕೊಡ್ತಾರೆ?" ಎಂದಳು. ಆ ಆಂಟಿ ಉಳಿದುಕೊಂಡರು.

ಆಟದ ಕೊನೆಯ ಭಾಗ. ನಮ್ಮವರು ಒಂದೇ ಓಟದಿಂದ ಮುಂದಿದ್ದರು. ರೆಗ್‌ನ ಭುಜ ಸೋತಿತ್ತು; ಪ್ರತಿ ಚೆಂಡೆಸೆದ ಮೇಲೂ ಕೈಯನ್ನು ತೊಡೆಗೆ ಒತ್ತಿ ಹಿಡಿಯುತ್ತಿದ್ದ. ಎದುರಾಳಿಗಳು ಮೈದಾನದ ಮೂರೂ ಮೂಲೆಯಲ್ಲಿ ಓಟ ಮುಗಿಸಲು ಕಾದು ನಿಂತಿದ್ದರು. ಒಂದು ಪೆಟ್ಟು ಬಿದ್ದರೆ ಮುಗಿಯಿತು; ಇನ್ನೊಂದು ಸ್ಟ್ರೈಕಾದರೆ ಗೆಲುವು ನಮ್ಮದು. ಕೋಚು ಮೈದಾನದೊಳಗೆ ನಡೆದು ಬಂದು, ಸಾಕು, ಬೇರೆಯವನನ್ನು ಹಾಕುತ್ತೇನೆ ಎಂದು ಚೆಂಡಿಗಾಗಿ ಕೈ ಚಾಚಿದ. ರೆಗ್ ಚೆಂಡನ್ನು ತನ್ನ ಅಂಗಿಯೊಳಗೆ ಹಾಕಿಕೊಂಡ. ಕೋಚು ಕೈ ಚಾಚಿಕೊಂಡೇ ನಿಂತ. ರೆಗ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಅಂದ. ಅದೇನೆಂದು ಆಮೇಲೆ ಕೇಳಿದಾಗ, "ಬಾಲ್ ಬೇಕಿದ್ರೆ ನೀನೇ ಒಳಗೆ ಕೈ ಹಾಕ್ಕೋ, ಟೀವಿಯೋರು ನೋಡ್ತಿದಾರೆ ಅಂದೆ" ಎಂದ. ಕೋಚು ಹಿಂದಿರುಗಿದ. ಊರಿಗೆ ಊರೇ ನಮ್ಮ ವಿರುದ್ಧ ಕೂಗುತ್ತಿತ್ತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು, ಬಳೆ ನನ್ನ ಚರ್ಮಕ್ಕೆ ಒತ್ತಿತು. ರೆಗ್ ಎಸೆದ. ಅಷ್ಟು ನಿಧಾನದ ಚೆಂಡನ್ನು ಅವನು ಹಿತ್ತಲಲ್ಲೂ ಎಸೆದಿರಲಿಲ್ಲ. ಅದು ಬ್ಯಾಟುಗಾರನ ಕಿವಿಯ ಕಡೆ ಹೊರಟಿತ್ತು; ಅವನು ಮೈ ಹಿಂದಕ್ಕೆ ಸೆಳೆದುಕೊಂಡ; ಚೆಂಡು ತಿರುಗಿ, ಇಳಿದು, ಅವನ ಎದುರಿನಿಂದಲೇ ಕಿಟಕಿಯೊಳಗೆ ನಡೆದುಹೋಯಿತು. ಅಂಪೈರು ಕೈ ಎತ್ತಿದ. ಮೂರನೇ ಸ್ಟ್ರೈಕು. ಅಮ್ಮ ಆಗಲೇ ಬೆಂಚಿನ ಮೇಲೆ ಹತ್ತಿ ನಿಂತು, ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆಯುತ್ತಿದ್ದಳು.

ಸಂಜೆ ನಾವು ಗ್ಲೆನೆಲ್ಗ್‌ನ ಫ್ಲ್ಯಾಟಿನ ಬಾಗಿಲು ತೆರೆದು ಒಳಗೆ ಬರುವುದಕ್ಕೂ ಟೀವಿಯ ವಾರ್ತೆಯಲ್ಲಿ ಆ ದೃಶ್ಯ ಬರುವುದಕ್ಕೂ ಸರಿಹೋಯಿತು. ರೆಗ್‌ನ ಬೆನ್ನು, ಅವನ ಆಚೆ ಜನರ ಸಾಲು, ಸಾಲಿಗಿಂತ ಒಂದು ಮೊಳ ಮೇಲೆ ನಿಂತ ನೇರಳೆ ಸೀರೆ.

"ಏ ನಾಗರಾಜ," ಮೂರ್ತಿ ಅಂಕಲ್ ಕಪ್ಪು ಕೆಳಗಿಟ್ಟರು, "ಅದು ನಿನ್ ಮಿಸೆಸ್ ಅಲ್ವೇನೋ?"

"ಛೇ ಛೇ, ಯಾರೋ ಶ್ರೀಲಂಕಾದವ್ರು ಇರ್ಬೇಕು," ಅಂದರು ಅಪ್ಪ.

ಅಮ್ಮ ಅದೇ ನೇರಳೆ ಸೀರೆಯಲ್ಲಿ ಟೀವಿಯ ಪಕ್ಕ ನಿಂತಿದ್ದಳು. ಚಪ್ಪಲಿ ಬಿಡುತ್ತಾ, "ನಾನೇ ರೀ," ಎಂದಳು. "ನಾವು ಗೆದ್ವಿ."

ವಾಪಸು ಪರ್ತ್‌ಗೆ ಬರುವವರೆಗೆ ಅಪ್ಪ ಅಮ್ಮನ ಜೊತೆ ಮಾತಾಡಲಿಲ್ಲ. ಬಂದ ಮೊದಲ ಸೋಮವಾರ ಆಫೀಸಿನಿಂದ ಅವರು ತೇಲಿಕೊಂಡು ಮನೆಗೆ ಬಂದರು. ಅವರ ಬಾಸು, ಎಂದೂ ಇವರ ಹೆಸರನ್ನು ಸರಿಯಾಗಿ ಉಚ್ಚರಿಸದ ಆ ಬಿಳಿಯ, ರೆಗ್ ಬ್ರಿಂಡ್ಲಿ ಇವರ ಪಕ್ಕದ ಮನೆಯವನೆಂದು ತಿಳಿದು ಕುರ್ಚಿಯಿಂದ ಎದ್ದು ಕೈ ಕುಲುಕಿದನಂತೆ. ಅಷ್ಟೇ ಸಾಕಾಯಿತು. ಕೂಲಿಯವನು ಒಂದೇ ಮಧ್ಯಾಹ್ನದಲ್ಲಿ "ನಮ್ ರೆಗ್" ಆದ. ಆ ಭಾನುವಾರ ಅವನಿಗೆ ಊಟಕ್ಕೆ ಕರೆ ಹೋಯಿತು. ಬರುತ್ತಾನೆಂದು ಹದಿನೈದು ಮನೆಗೆ ಫೋನು ಹೋಯಿತು. ಏನು ಅಡುಗೆ ಎಂದು ತೀರ್ಮಾನಿಸಿದ್ದೂ ಅಪ್ಪ. ಮಾಡಿದ್ದು ಮಾತ್ರ, ಎಂದಿನಂತೆ, ಅಮ್ಮ.

ರೆಗ್ ಬಂದದ್ದು ಚಡ್ಡಿ, ಹವಾಯಿ ಚಪ್ಪಲಿಯಲ್ಲಿ. ಗಂಡಸರು ಮದುವೆಗೆ ಬಂದವರ ಹಾಗೆ ಎದ್ದು ನಿಂತರು. ಅಪ್ಪ ಇಂಗ್ಲಿಷಿನಲ್ಲಿ ಭಾಷಣ ಮಾಡಿ, ನಮ್ಮ ಕುಟುಂಬ ಮೊದಲಿನಿಂದಲೂ ಬೇಸ್‌ಬಾಲಿನ ಅಭಿಮಾನಿ, ಹೆಂಡತಿಯನ್ನು ಅಡಿಲೇಡ್‌ಗೆ ಕಳಿಸಿದ್ದು ನಾನೇ ಎಂದರು. ಪ್ರಸನ್ನ ಅಂಕಲ್ ತಲೆದೂಗಿದರು. ರೆಗ್ ಆಕಳಿಸಿದ. ಆಮೇಲೆ, ಜಯಾ ಎಲ್ಲಿ ಎಂದು ಕೇಳಿದ. ಅಡುಗೆಮನೆಯಲ್ಲಿ ಎಂದರು ಅಪ್ಪ. ಅವಳು ಯಾವಾಗ ಊಟ ಮಾಡುತ್ತಾಳೆ ಎಂದ. ಆಮೇಲೆ ಎಂದರು. ರೆಗ್ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದು, ಅಕ್ಕಿಯ ಡ್ರಮ್ಮಿನ ಮೇಲೆ ಕೂತ. ಹೆಂಗಸರು ಮೊದಲು ಗಾಬರಿಯಾದರು, ಆಮೇಲೆ ಅವನ ತಟ್ಟೆಗೆ ಬಡಿಸಿದರು, ಆಮೇಲೆ ತಾವೂ ತಟ್ಟೆ ಹಾಕಿಕೊಂಡು ಅವನ ಸುತ್ತ ನೆಲದ ಮೇಲೆ ಕೂತರು. ಸಾರು ಕುಡಿದು ಅವನ ಕಣ್ಣಲ್ಲಿ ನೀರು ಬಂತು. ಅಮ್ಮನನ್ನು ಕೊಲೆಗಾರ್ತಿ ಎಂದು ಬೈದು ಇನ್ನೊಂದು ಲೋಟ ಕೇಳಿದ. ಹಾಲ್‌ನಲ್ಲಿ ಹದಿನೈದು ಗಂಡಸರು ಖಾಲಿ ಕುರ್ಚಿಯೊಂದನ್ನು ನೋಡುತ್ತಾ ತಣ್ಣಗಾದ ಅನ್ನ ಉಂಡರು.

ಅದನ್ನು ನುಂಗಿಕೊಂಡಿದ್ದರೆ ಅಪ್ಪನಿಗೆ ಕ್ಷೇಮವಿತ್ತು. ಆದರೆ ಪ್ರಸನ್ನ ಅಂಕಲ್ ಬಿಡಲಿಲ್ಲ.

"ನಾಗರಾಜ್, ನೀವು ಓಪನಿಂಗ್ ಬ್ಯಾಟ್ಸ್‌ಮನ್ನು. ಒಂದೆರಡು ಬಾಲ್ ಹಾಕಿಸ್ಕೊಂಡು ನಮ್ ಕ್ರಿಕೆಟ್ ಏನು ಅಂತ ತೋರ್ಸಿಬಿಡಿ!"

ಊಟವಾದ ಮೇಲೆ ಮನುಷ್ಯರನ್ನು ಕೊಲ್ಲುವುದಿಲ್ಲ ಎಂದ ರೆಗ್. ಅಪ್ಪ ಕೇಳಲಿಲ್ಲ. ಹಾರ ತೆಗೆದು ಗೋಡೆಯ ಬ್ಯಾಟನ್ನು ಇಳಿಸಿಕೊಂಡೇ ಬಿಟ್ಟರು. ಹಿತ್ತಲಿನಲ್ಲಿ ಬೇಲಿಗೆ ಚಾಪೆ ಕಟ್ಟಿದರು. ಮೊದಲ ಚೆಂಡು ಚಾಪೆಗೆ ಬಡಿದ ಶಬ್ದ ಕೇಳಿದ ಮೇಲೆ ಅಪ್ಪ ಬ್ಯಾಟೆತ್ತಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೂರನೆಯದು ಅದೇ ತೇಲುವ ಚೆಂಡು, ಅದೇ ಕಿವಿಯ ದಾರಿ. ಅಪ್ಪ "ಅಯ್ಯೋ" ಎಂದು ಬ್ಯಾಟು ಎಸೆದು ಹುಲ್ಲಿನ ಮೇಲೆ ಕೂತುಬಿಟ್ಟರು. ಚೆಂಡು ಅವರ ತಲೆಯ ಮೇಲಿಂದ ಬಾಗಿ ಹೋಗಿ ಚಾಪೆಯ ನಡುವಿಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರಸನ್ನ ಅಂಕಲ್. ಅವರ ನಂತರ ನಾನು. ರೆಗ್ ನಗಲಿಲ್ಲ, ಬಾಚಣಿಗೆ ತೆಗೆದು ಬೇರೆ ಕಡೆ ತಿರುಗಿಕೊಂಡ. ಅಮ್ಮ ಬಂದು ಬ್ಯಾಟೆತ್ತಿಕೊಂಡು, "ಎದ್ದೇಳಿ, ಪ್ಯಾಂಟಿಗೆ ಹಸಿರು ಕಲೆಯಾಗುತ್ತೆ," ಎಂದಳು.

ಪಾತ್ರೆ ತೊಳೆಯುವಾಗ ಅವಳು ನನ್ನ ಮುಖ ನೋಡದೆ ಕೇಳಿದಳು:

"ನೀನ್ಯಾಕೆ ನಕ್ಕೆ?"

"ನಗು ಬಂತು. ಅವ್ರು ನಿಂಗೆ ಅಷ್ಟೆಲ್ಲ ಅಂದ್ರಲ್ಲ!"

"ಅಂದಿದ್ದು ನಂಗೆ. ನಗೋ ಹಕ್ಕೂ ನಂದೇ. ನಿಂಗೆ ಯಾರ್ ಕೊಟ್ರು ಅದನ್ನ?"

ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ. ಅಪ್ಪ ಮರುಕ ಹುಟ್ಟಲು ಸಮಯ ಕೊಡುವವರಲ್ಲ. ತಿಂಗಳೊಪ್ಪತ್ತಿನಲ್ಲಿ, ಅವರ ಬಾಯಲ್ಲಿ, ಆ ಮೂರನೇ ಚೆಂಡಿಗೆ ಬ್ಯಾಟು ತಾಗಿತ್ತು. ಮರುವರ್ಷ ಅದು ಬೇಲಿಗೆ ಹೋಯಿತು. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ರೆಗ್ ಬ್ರಿಂಡ್ಲಿಯ ಚೆಂಡನ್ನು ಅಪ್ಪ ಅವನದೇ ಮನೆಯ ಮಾಡಿನ ಆಚೆಗೆ ಬಾರಿಸಿದ್ದರು. ಕಣ್ಣಾರೆ ಕಂಡ ಹದಿನೈದು ಗಂಡಸರಲ್ಲಿ ಒಬ್ಬರೂ ಇಲ್ಲ ಎನ್ನಲಿಲ್ಲ. ಅವರವರ ಸುಳ್ಳಿಗೂ ಮುಂದೆ ಸಾಕ್ಷಿ ಬೇಕಿತ್ತಲ್ಲ. ಒಂದು ಬದಲಾವಣೆ ಮಾತ್ರ ಉಳಿಯಿತು. ಆ ಭಾನುವಾರದಿಂದ ಅಮ್ಮ ಗಂಡಸರ ಜೊತೆಗೇ ತಟ್ಟೆ ಹಾಕಿಕೊಂಡು ಕೂತಳು. ಅಪ್ಪ ಒಮ್ಮೆ ಕೆಮ್ಮಿದರು. ಅವಳು ನೀರು ಬಗ್ಗಿಸಿಕೊಟ್ಟು ತನ್ನ ಊಟ ಮುಂದುವರಿಸಿದಳು.

ನಾನು ಓದಲು ಬ್ರಿಸ್ಬೇನ್‌ಗೆ ಹೋದೆ, ಅಲ್ಲಿಯೇ ಉಳಿದೆ. ಚೆಂಡು ಎಸೆಯುವ ಕೈ ನನ್ನದಲ್ಲವೆಂದು ಬೇಗ ಗೊತ್ತಾಯಿತು. ಆದರೆ ಬೇಲಿಯ ಸಂದಿನಿಂದ ಅಷ್ಟು ವರ್ಷ ನೋಡಿದ ಕಣ್ಣು ಇತ್ತು, ಜನರ ಮುಖಕ್ಕೆ ಹೊಡೆದ ಹಾಗೆ ತೀರ್ಪು ಹೇಳುವ ಸ್ವಭಾವವನ್ನು ಮನೆಯೇ ಬೆಳೆಸಿತ್ತು. ಅಂಪೈರ್ ಆದೆ. ವಾರದ ದಿನ ಆಫೀಸು, ಶನಿವಾರ ಮೈದಾನ. ಒಂದು ವರ್ಷ ಹಿರಿಯರ ಪಂದ್ಯಾವಳಿ ಬ್ರಿಸ್ಬೇನ್‌ನಲ್ಲಿ ನಡೆಯಿತು. ಪರ್ತ್‌ನಿಂದ ಬಂದ ತಂಡದಲ್ಲಿ ರೆಗ್ ಇದ್ದ, ಹೊಟ್ಟೆ ಬಂದಿತ್ತು, ಬಾಚಲು ಕೂದಲು ಹೆಚ್ಚು ಉಳಿದಿರಲಿಲ್ಲ. ಅಪ್ಪ ಅಮ್ಮ ಆಗ ನನ್ನ ಮನೆಗೆ ಬಂದಿದ್ದರು. ಇಬ್ಬರೂ ನೋಡಲು ಬಂದು ಕೂತರು.

ರೆಗ್ ನನ್ನ ಮುಖಗವಸಿನೊಳಗೆ ಬಗ್ಗಿ ನೋಡಿ, "ರಾಡ್ಸ್?" ಎಂದು ಕಣ್ಣು ಹೊಡೆದ. ನಾನು ತಲೆಯಾಡಿಸಲಿಲ್ಲ. ಆಟದ ನಡುವೆ, ಎರಡು ಸ್ಟ್ರೈಕಾದ ಮೇಲೆ, ಅವನು ತನ್ನ ತೇಲುವ ಚೆಂಡು ಎಸೆದ. ಅದು ತೇಲಿತು, ತಿರುಗಿತು, ಆದರೆ ಬೇಗ ತಿರುಗಿತು. ಕಿಟಕಿಯ ಹೊರಗೇ ಇಳಿಯಿತು. ನಾನು "ಬಾಲ್" ಎಂದೆ. ರೆಗ್ ಕೈಗವಸು ನೆಲಕ್ಕೆಸೆದು ನನ್ನತ್ತ ಬಂದ. ಏನಂದೆ ಎಂದ. ಬಾಲ್ ಎಂದೆ. ನಿನಗೆ ಕಣ್ಣಿದೆಯಾ ಎಂದ. ಹಿಂದಕ್ಕೆ ಹೋಗು, ಇದು ಎಚ್ಚರಿಕೆ ಎಂದೆ. ಆಗ ಅವನು ನನ್ನ ಕಣ್ಣು, ನನ್ನ ಮಿದುಳು, ನನಗೆ ಕೆಲಸ ಕೊಟ್ಟವರ ಹುಟ್ಟು, ಎಲ್ಲದರ ಬಗ್ಗೆ ನೀರು ಕುಡಿಯದೆ ಮಾತಾಡಿದ. ನಾನು ಮುಖಗವಸು ತೆಗೆದು, ಕೈ ಎತ್ತಿ, ಗೇಟು ತೋರಿಸಿದೆ. ರೆಗ್ ಬ್ರಿಂಡ್ಲಿಯನ್ನು ಆಟದಿಂದ ಹೊರಗೆ ಹಾಕಿದೆ.

ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು. ಅಪ್ಪ ಓಡಿ ಬಂದು ತಂತಿಬೇಲಿ ಹಿಡಿದುಕೊಂಡಿದ್ದರು.

"ಏಯ್ ರಾಧೀ! ಯಾರನ್ನ ಆಚೆಗ್ ಹಾಕ್ತಿದೀಯ ಗೊತ್ತೇನೇ? ಅಷ್ಟ್ ದೊಡ್ಡ ಮನುಷ್ಯ! ಕೇಳು ಸಾರಿ! ಈಗ್ಲೇ ಕೇಳು ಅಂದೆ!"

"ನಿಮ್ಮಪ್ಪ ಏನಂತಿದಾನೆ?" ಎಂದ ರೆಗ್.

ಹೇಳಿದೆ. ಅವನು ಬೇಲಿಯ ಹತ್ತಿರ ನಡೆದು ಹೋದ. ಅಪ್ಪ ಬೇಲಿಯ ಸಂದಿನಿಂದ ಕೈ ಕುಲುಕಲು ಬೆರಳು ಚಾಚಿದರು. ರೆಗ್ ಅದನ್ನು ಮುಟ್ಟಲಿಲ್ಲ.

"ನಾಗ್, ಬಾಲ್ ಒಂದು ಮೊಳ ಹೊರಗಿತ್ತು. ಅವ್ಳು ಸರಿಯಾಗೇ ಹೇಳಿದ್ಲು. ಹೋಗಿ ಕೂತ್ಕೋ."

ಆಮೇಲೆ ನನ್ನ ಕಡೆ ತಿರುಗಿದ.

"ಕುರುಡಿ ಅಂದಿದ್ದನ್ನ ಮಾತ್ರ ವಾಪಸ್ ತಗೊಳ್ಳಲ್ಲ."

ಕೈಗವಸು ಹೆಕ್ಕಿಕೊಂಡು, ಗೇಟಿನವರೆಗೂ ಬೈಯುತ್ತಾ ಹೋದ. ಅಪ್ಪ ಹೋಗಿ ಕೂತರು. ನಾನು ಮುಖಗವಸು ಹಾಕಿಕೊಂಡೆ, ಬ್ಯಾಟುಗಾರನ ಹಿಂದೆ ಬಗ್ಗಿ ನಿಂತೆ, ಹೊಸ ಪಿಚರ್‌ಗೆ ಚೆಂಡು ಎಸೆಯುವಂತೆ ಸನ್ನೆ ಮಾಡಿದೆ.